ಕೈಗುಣ

ಕೇಳುಗರಿಗೆ ನಮಸ್ಕಾರ.

ಹೋದ ವರ್ಷ ಮಗಳ ಬಾಣಂತನಕ್ಕೆಂದು ಇಂಗ್ಲೆಂಡಿಗೆ ಹೋಗಿದ್ದೆ. ಊರು ರೆಡಿಂಗ್. ಲಂಡನ್ನಿನಿಂದ ಪಶ್ಚಿಮಕ್ಕೆ, ರೈಲಿನಲ್ಲಿ ಅರ್ಧ ಗಂಟೆ ದಾರಿ. 6 ತಿಂಗಳ ವೀಸಾ, ಎರಡು ಸೂಟ್‌ಕೇಸು. ಒಂದರಲ್ಲಿ ನನ್ನ ಸೀರೆ, ಸ್ವೆಟರು. ಇನ್ನೊಂದರಲ್ಲಿ ಅಂಟು, ಒಣಕೊಬ್ಬರಿ, ಓಮ, ಹರಳೆಣ್ಣೆ, ಹಳೇ ಕಾಟನ್ ಸೀರೆ, ಮತ್ತೆ ರಾಗಿ ತುಂಬಿ ಹೊಲಿದ ಒಂದು ಪುಟ್ಟ ದಿಂಬು. ಮಗುವಿನ ತಲೆ ದುಂಡಗಾಗಲಿ ಅಂತ. ನಾನು ಹಾಸನದ ಕಡೆಯವಳು. ಹೆರಿಗೆ ವಾರ್ಡಿನಲ್ಲಿ 31 ವರ್ಷ ನರ್ಸ್ ಆಗಿದ್ದವಳು. ಬಾಣಂತನವನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಅನ್ನುವ ಜಂಬವೂ ಆ ಸೂಟ್‌ಕೇಸಿನಲ್ಲೇ ಇತ್ತು.

ನವೆಂಬರ್ ತಿಂಗಳು. ಅಲ್ಲಿ ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ಮೊಮ್ಮಗನಿಗೆ 5 ವಾರ. ಕತ್ತಲಾಯಿತೋ ಇಲ್ಲವೋ, ಅಳು ಶುರು. ಮುಷ್ಟಿ ಬಿಗಿದು, ಕಾಲನ್ನು ಹೊಟ್ಟೆಗೆ ಮಡಿಚಿ, ಮುಖ ಕೆಂಪಗೆ ಮಾಡಿಕೊಂಡು ಅಳುತ್ತಿದ್ದ. ಹಾಲು ಕೊಟ್ಟರೂ ಅಳು, ಎತ್ತಿಕೊಂಡರೂ ಅಳು, ಮಲಗಿಸಿದರಂತೂ ಇನ್ನೂ ಜಾಸ್ತಿ. ರಾತ್ರಿ ಒಂಬತ್ತರ ಹೊತ್ತಿಗೆ ಯಾರೋ ಸ್ವಿಚ್ ಆಫ್ ಮಾಡಿದ ಹಾಗೆ ನಿಂತುಬಿಡುತ್ತಿತ್ತು. ಅಷ್ಟರಲ್ಲಿ ಮಗಳೂ ಅಳುತ್ತಿದ್ದಳು.

ಬೇರೆಯವರ ಮನೆ ಮಗುವಾಗಿದ್ದರೆ ನಾನು ಏನು ಹೇಳುತ್ತಿದ್ದೆ ಗೊತ್ತಾ? "ಮಕ್ಕಳು ಅಳ್ತಾವೆ ಕಣಮ್ಮ, ಮೂರು ತಿಂಗಳಿಗೆ ತಾನೇ ಸರಿಹೋಗುತ್ತೆ." ಸಾವಿರ ಸಲ ಹೇಳಿರಬಹುದು. ಸ್ವಂತ ಮೊಮ್ಮಗ ಅತ್ತಾಗ ಓದಿದ್ದೆಲ್ಲ ಮರೆತುಹೋಯಿತು. ಇಂಗು ಕಲಸಿ ಹೊಕ್ಕುಳ ಸುತ್ತ ಹಚ್ಚಿದೆ. ಎಂಟನೇ ದಿನ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಬಾಣಲೆಯಲ್ಲಿ ಸುಟ್ಟೆ. ಅಲ್ಲಿಯ ಮನೆಗಳಲ್ಲಿ ಸೂರಿಗೆ ಹೊಗೆ ಹಿಡಿಯುವ ಅಲಾರಂ ಇರುತ್ತದೆ. ಅದು ಕಿವಿ ಹರಿದು ಹೋಗುವ ಹಾಗೆ ಕೂಗಿತು. ಮಗು ಬೆಚ್ಚಿ ಎರಡು ನಿಮಿಷ ಸುಮ್ಮನಾಯಿತು. ಅಳಿಯ ಕುರ್ಚಿ ಹತ್ತಿ ಟವೆಲ್ ಬೀಸುತ್ತಾ, "ಅತ್ತೆ, ದೃಷ್ಟಿ ತೆಗೆದಿದ್ದು ಕೆಲಸ ಮಾಡ್ತು ನೋಡಿ" ಅಂದರು.

ಮಾರನೇ ದಿನ ಮಗಳು ಹೇಳಿದಳು: "ಅಮ್ಮ, ಇಲ್ಲಿ ಎಲ್ಲರೂ ಮಗೂನ ಆಸ್ಟಿಯೋಪಾತ್ ಹತ್ತಿರ ಕರ್ಕೊಂಡು ಹೋಗ್ತಾರೆ. ನಾವೂ ಹೋಗೋಣ." ನನಗೆ ಸಿಟ್ಟೇ ಬಂತು. ಮೂಳೆ, ಕೀಲು, ಸ್ನಾಯುಗಳಿಗೆ ಕೈಯಿಂದಲೇ ಚಿಕಿತ್ಸೆ ಮಾಡುವವರು ಈ ಆಸ್ಟಿಯೋಪಾತ್‌ಗಳು. ಆಸ್ಟಿಯೋ ಅಂದರೆ ಮೂಳೆ. 5 ವಾರದ ಮಗುವಿನ ಮೂಳೆಗೆ ಏನಾಗಿದೆ?

ಈ ಆಸ್ಟಿಯೋಪಥಿಯ ಹಿಂದೆ ಒಂದು ಕಥೆ ಇದೆ. ಅಮೆರಿಕದಲ್ಲಿ ಆಂಡ್ರ್ಯೂ ಟೇಲರ್ ಸ್ಟಿಲ್ ಅಂತ ಒಬ್ಬ ಡಾಕ್ಟರ್ ಇದ್ದರು. 1864ರಲ್ಲಿ ಅವರ ಮೂವರು ಮಕ್ಕಳು ಮೆನಿಂಜೈಟಿಸ್‌ನಿಂದ, ಅಂದರೆ ಮೆದುಳು ಜ್ವರದಿಂದ ತೀರಿಕೊಂಡರು. ಅಪ್ಪನೇ ಡಾಕ್ಟರ್, ಆದರೂ ಏನೂ ಮಾಡಲಾಗಲಿಲ್ಲ. ಆ ಕಾಲದ ಔಷಧಿ ಅಂದರೆ ಪಾದರಸ, ಅಫೀಮು, ಸಾರಾಯಿ. ಸ್ಟಿಲ್‌ಗೆ ಔಷಧಿಯ ಮೇಲೇ ನಂಬಿಕೆ ಹೋಯಿತು. ದೇಹದ ಮೂಳೆ, ಕೀಲು, ಸ್ನಾಯು ಸರಿಯಾಗಿದ್ದರೆ ರಕ್ತ ಚೆನ್ನಾಗಿ ಓಡಾಡುತ್ತದೆ, ಉಳಿದದ್ದನ್ನು ದೇಹವೇ ನೋಡಿಕೊಳ್ಳುತ್ತದೆ ಎಂದು ವಾದಿಸಿದರು. 1874ರಲ್ಲಿ ಇದನ್ನು ಲೋಕದ ಮುಂದಿಟ್ಟರು. ಕೆಲವು ವರ್ಷ ಊರೂರು ಸುತ್ತಿ, ಮಿಂಚಿನ ಹಾಗೆ ಮೂಳೆ ಕೂರಿಸುತ್ತೇನೆ ಎಂದು ಜಾಹೀರಾತು ಹಾಕಿ ಹೊಟ್ಟೆ ಹೊರೆದರು. ನಮ್ಮಲ್ಲಿ ಪುತ್ತೂರು ಕಟ್ಟು ಕಟ್ಟುವವರು, ಉಳುಕು ತೆಗೆಯುವವರು ಇದ್ದಾರಲ್ಲ, ಆ ಸಾಲಿನವರೇ ಅನ್ನಿ. ಒಂದೇ ವ್ಯತ್ಯಾಸ. ಇವರು 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್ ಎಂಬ ಸಣ್ಣ ಊರಿನಲ್ಲಿ ಒಂದು ಶಾಲೆ ತೆರೆದರು. ಮೊದಲ ತರಗತಿಯಲ್ಲೇ ಹೆಂಗಸರನ್ನೂ ಸೇರಿಸಿಕೊಂಡರು. ಇದು ನನಗೆ ಇಷ್ಟವಾದ ವಿಷಯ.

ಆ ಶಾಲೆಯಲ್ಲಿ ಓದಿದ ವಿಲಿಯಂ ಗಾರ್ನರ್ ಸದರ್ಲೆಂಡ್ ಎಂಬುವವರು ಒಂದು ದಿನ ಬಿಡಿಸಿಟ್ಟ ತಲೆಬುರುಡೆಯನ್ನು ನೋಡಿದರಂತೆ. ಕಿವಿಯ ಹತ್ತಿರದ ಮೂಳೆಯ ಅಂಚು ಓರೆಯಾಗಿ, ಮೀನಿನ ಕಿವಿರಿನ ಹಾಗೆ ಕಂಡಿತು. ಹಾಗಾದರೆ ತಲೆಬುರುಡೆಯೂ ಉಸಿರಾಡುತ್ತದಾ, ಈ ಮೂಳೆಗಳು ಅಲುಗುತ್ತವಾ ಅಂತ ಅವರಿಗೆ ಯೋಚನೆ ಹತ್ತಿತು. ಸ್ವಂತ ತಲೆಗೆ ಪಟ್ಟಿ ಬಿಗಿದು ವರ್ಷಗಟ್ಟಲೆ ಪ್ರಯೋಗ ಮಾಡಿಕೊಂಡರು. ತಲೆಯನ್ನು ಹಗುರವಾಗಿ ಹಿಡಿದು ಮಾಡುವ ಚಿಕಿತ್ಸೆ ಹುಟ್ಟಿದ್ದು ಅಲ್ಲಿಂದ. ಇವತ್ತು ಮಕ್ಕಳಿಗೆ ಮಾಡುವುದು ಬಹುಪಾಲು ಇದನ್ನೇ.

ಅಮೆರಿಕದಲ್ಲಿ ಆಸ್ಟಿಯೋಪಥಿ ಓದಿದವರು ಈಗ ಪೂರ್ತಿ ಡಾಕ್ಟರುಗಳು. ಆಪರೇಷನ್ನನ್ನೂ ಮಾಡುತ್ತಾರೆ. ಬ್ರಿಟನ್ನಿನಲ್ಲಿ ಹಾಗಲ್ಲ. ಅಲ್ಲಿ ಅವರು ಡಾಕ್ಟರಲ್ಲ, ಮಾತ್ರೆ ಬರೆಯುವ ಹಾಗಿಲ್ಲ. ಆದರೆ 1993ರ ಒಂದು ಕಾನೂನಿದೆ. ಅದರ ಪ್ರಕಾರ ಓದಿ, ಹೆಸರು ನೋಂದಾಯಿಸಿಕೊಂಡವರು ಮಾತ್ರ ಆಸ್ಟಿಯೋಪಾತ್ ಅಂತ ಬೋರ್ಡು ಹಾಕಿಕೊಳ್ಳಬಹುದು. ಸುಳ್ಳು ಬೋರ್ಡು ಹಾಕಿದರೆ ಅಪರಾಧ. ಪಟ್ಟಿಯಲ್ಲಿ ಹೆಸರಿದೆಯಾ ಅಂತ ಯಾರು ಬೇಕಾದರೂ ನೋಡಬಹುದು. ನಾನೂ ಅಳಿಯನ ಕೈಯಲ್ಲಿ ಹುಡುಕಿಸಿದೆ. ಹೆಸರು ಇತ್ತು. ಸರಿ, ನಡೀರಿ ಅಂದೆ.

ನಾನು ಅಂದುಕೊಂಡಿದ್ದು ಲಟಲಟ ಅನ್ನಿಸುವ ಚಿಕಿತ್ಸೆ. ಕ್ಷೌರದಂಗಡಿಯಲ್ಲಿ ಕತ್ತು ಮುರಿಯುತ್ತಾರಲ್ಲ, ಹಾಗೆ. ಮಗುವಿನ ಕತ್ತಿಗೆ ಹಾಗೇನಾದರೂ ಕೈಹಾಕಿದರೆ ಕಿತ್ತುಕೊಂಡು ಬರುವುದು ಅಂತ ತೀರ್ಮಾನ ಮಾಡಿಯೇ ಹೋಗಿದ್ದೆ. ಹಾಗೇನೂ ಆಗಲಿಲ್ಲ. ಚಿಕ್ಕ ಕೋಣೆ, ಬೆಚ್ಚಗಿತ್ತು. ಐವತ್ತು ದಾಟಿದ ಒಬ್ಬ ಹೆಂಗಸು. ಮೊದಲ 20 ನಿಮಿಷ ಆಕೆ ಮಗುವನ್ನು ಮುಟ್ಟಲೇ ಇಲ್ಲ. ಬರೀ ಕೇಳಿದರು. ಹೆರಿಗೆ ಎಷ್ಟು ಹೊತ್ತಾಯಿತು, ವ್ಯಾಕ್ಯೂಮ್ ಹಾಕಿ ತೆಗೆದರಾ, ಯಾವ ಕಡೆ ಹಾಲು ಚೆನ್ನಾಗಿ ಕುಡಿಯುತ್ತದೆ, ವಾಂತಿ ಯಾವ ಬಣ್ಣ, ದಿನಕ್ಕೆ ಎಷ್ಟು ಸಲ ಒದ್ದೆ ಮಾಡುತ್ತದೆ, ಜ್ವರ ಬಂದಿತ್ತಾ. ಒಳ್ಳೆಯ ಪ್ರಶ್ನೆಗಳು. ನಾನು ವಾರ್ಡಿನಲ್ಲಿ ಹೊಸ ಹುಡುಗಿಯರಿಗೆ ಕೇಳಲು ಕಲಿಸುತ್ತಿದ್ದ ಪ್ರಶ್ನೆಗಳೇ. ನನ್ನ ಅರ್ಧ ಸಿಟ್ಟು ಅಲ್ಲೇ ಇಳಿಯಿತು.

ಆಮೇಲೆ ಕೈ ತೊಳೆದು, ಉಜ್ಜಿ ಬಿಸಿ ಮಾಡಿಕೊಂಡು, ಮಗುವಿನ ಸೊಂಟದ ಕೆಳಗೆ ಒಂದು ಅಂಗೈ, ತಲೆಯ ಹಿಂದೆ ಒಂದು ಅಂಗೈ ಇಟ್ಟು ಕೂತರು. ಅಷ್ಟೇ. ಸಪೋಟ ಹಣ್ಣಾಗಿದೆಯಾ ಅಂತ ಒತ್ತಿ ನೋಡುತ್ತೀರಲ್ಲ, ಅದಕ್ಕಿಂತಲೂ ಕಡಿಮೆ ಒತ್ತಡ. ಮಗು ಅತ್ತರೆ ಕೈ ತೆಗೆದು, "ಹಾಲು ಕೊಡಿ, ನಮಗೇನೂ ಅವಸರ ಇಲ್ಲ" ಅನ್ನುತ್ತಿದ್ದರು. ಕುಡಿಯುತ್ತಿರುವಾಗಲೇ ಕತ್ತಿನ ಹಿಂದೆ ಎರಡು ಬೆರಳು ಇಟ್ಟರು. ಮಗು ಸದಾ ಬಲಕ್ಕೇ ತಲೆ ತಿರುಗಿಸುತ್ತದೆ ಅಂತ ಕಂಡುಹಿಡಿದರು. ಕತ್ತಿನ ಸ್ನಾಯುವಿನಲ್ಲಿ ಗಂಟೇನಾದರೂ ಇದೆಯಾ ಅಂತ ತಡವಿ ನೋಡಿದರು. ಇರಲಿಲ್ಲ. ತೊಟ್ಟಿಲಿನಲ್ಲಿ ಮಗುವನ್ನು ಯಾವ ಕಡೆ ತಲೆ ಹಾಕಿ ಮಲಗಿಸುತ್ತೀರಿ, ಕಿಟಕಿ ಎಲ್ಲಿದೆ ಅಂತ ಕೇಳಿದರು. ಬೆಳಕು ಬಲಗಡೆ. ಮಗು ಬೆಳಕಿನ ಕಡೆ ನೋಡುತ್ತದೆ. ದಿಕ್ಕು ಬದಲಿಸಿ, ಎಚ್ಚರ ಇದ್ದಾಗ ಸ್ವಲ್ಪ ಸ್ವಲ್ಪ ಹೊತ್ತು ಬೋರಲು ಹಾಕಿ, ಪಕ್ಕದಲ್ಲೇ ಕೂತಿರಿ ಅಂದರು.

ನನಗೆ ನನ್ನ ಮೇಲೇ ನಾಚಿಕೆಯಾಯಿತು. 31 ವರ್ಷದ ನರ್ಸ್. ಕಿಟಕಿಯ ಕಡೆ ನನ್ನ ಗಮನವೇ ಹೋಗಿರಲಿಲ್ಲ.

ರಾಗಿ ದಿಂಬಿನ ವಿಷಯ ನಾನೇ ಎತ್ತಿದೆ. ಮಗಳು ತರ್ಜುಮೆ ಮಾಡಿದಳು. ಆಕೆ ನಗಲಿಲ್ಲ. "ದಿಂಬು ಬೇಡ. ಒಂದು ವರ್ಷದ ತನಕ ಯಾವ ದಿಂಬೂ ಬೇಡ" ಅಂದರು. ಬ್ರಿಟನ್ನಿನಲ್ಲಿ 1991ರಿಂದ ಎಲ್ಲ ತಾಯಂದಿರಿಗೂ ಇದನ್ನೇ ಹೇಳುತ್ತಾರೆ. ನಿದ್ದೆ ಮಾಡುವಾಗ ಅಂಗಾತವೇ ಮಲಗಿಸಿ, ದಿಂಬು, ದಪ್ಪ ಹೊದಿಕೆ ಇಡಬೇಡಿ. ಹೀಗೆ ಹೇಳಲು ಶುರು ಮಾಡಿದ ಮೇಲೆ ನಿದ್ದೆಯಲ್ಲೇ ಕಾರಣ ತಿಳಿಯದೆ ಮಕ್ಕಳು ಸಾಯುವುದು ತುಂಬಾ ಇಳಿಯಿತು. ಅಂಗಾತ ಮಲಗಿ ಕೆಲವು ಮಕ್ಕಳ ತಲೆಯ ಹಿಂಭಾಗ ಚಪ್ಪಟೆಯಾಗುವುದು ಉಂಟು. ಬಹುಪಾಲು ತಾನೇ ಸರಿಹೋಗುತ್ತದೆ. ಹೆರಿಗೆಯ ಹೊತ್ತಿಗೆ ಮಗುವಿನ ತಲೆಯ ಮೂಳೆಗಳು ಒಂದರ ಮೇಲೊಂದು ಸರಿದು ದಾರಿ ಮಾಡಿಕೊಳ್ಳುತ್ತವೆ. ಸೋರೆಕಾಯಿಯ ಹಾಗೆ ಉದ್ದ ತಲೆ ಹೊತ್ತು ಬಂದ ಎಷ್ಟು ಮಕ್ಕಳನ್ನು ನಾನು ನೋಡಿಲ್ಲ! ಕೆಲವು ದಿನದಲ್ಲಿ ದುಂಡಗಾಗುತ್ತದೆ. ದಿಂಬೂ ಬೇಡ, ಕೈಯಲ್ಲಿ ಅದುಮಿ ತಿದ್ದುವುದೂ ಬೇಡ. ದಿಂಬು ವಾಪಸ್ ಸೂಟ್‌ಕೇಸಿಗೆ ಹೋಯಿತು.

ಇಷ್ಟಾದ ಮೇಲೆ ಆಕೆ ನನ್ನ ಮಗಳ ಕಡೆ ತಿರುಗಿ, "ನಿಮ್ಮ ಕೈ ತೋರಿಸಿ" ಅಂದರು.

ಮಗಳ ಹೆಬ್ಬೆರಳಿನ ಬುಡ ಊದಿತ್ತು. ಮಗುವನ್ನು ಕಂಕುಳಿಗೆ ಕೈಕೊಟ್ಟು ಎತ್ತಿ ಎತ್ತಿ ಬರುವ ನೋವು ಅದು. ಹೊಸ ತಾಯಂದಿರಲ್ಲಿ ತುಂಬಾ ಸಾಮಾನ್ಯ. ನನಗೂ ಇತ್ತು, ನಮ್ಮಮ್ಮನಿಗೂ ಇದ್ದಿರಬೇಕು. ಹೆಬ್ಬೆರಳನ್ನು ಅಗಲಿಸದೆ, ಅಂಗೈಯನ್ನು ಸೌಟಿನ ಹಾಗೆ ಮಾಡಿ ಮಗುವನ್ನು ಎತ್ತುವುದನ್ನು ತೋರಿಸಿದರು. ಆಮೇಲೆ ಹಿಂದೆ ನಿಂತು ಎರಡೂ ಭುಜದ ಮೇಲೆ ಕೈ ಇಟ್ಟರು. ಸುಮ್ನೆ ಇಟ್ಟರು, ಅಷ್ಟೇ. ಮಗಳ ಭುಜ ಕಿವಿಯ ತನಕ ಏರಿ ಕೂತಿತ್ತು. ಮೆಲ್ಲಗೆ ಇಳಿಯಿತು. ಕಣ್ಣಲ್ಲಿ ನೀರು ಬಂತು. ಮಗು ಅವಳ ಮಡಿಲಲ್ಲಿ ನಿದ್ದೆ ಹೋಗಿತ್ತು.

ನಾನು ಬಂದು ಮೂರು ವಾರ ಆಗಿತ್ತು. ಮಗುವಿಗೆ ದಿನಾ ಎಣ್ಣೆ ಹಚ್ಚಿದ್ದೆ. ಮಗಳಿಗೆ ಸಬ್ಬಸಿಗೆ ಸೊಪ್ಪು, ಅಂಟಿನುಂಡೆ, ಬೆಳ್ಳುಳ್ಳಿ ಸಾರು ಎಲ್ಲ ಮಾಡಿ ಬಡಿಸಿದ್ದೆ. ಆದರೆ ಅವಳ ಮೈಮೇಲೆ ಕೈ ಇಟ್ಟಿರಲಿಲ್ಲ. ಅಲ್ಲಿಯ ಬಾತ್‌ರೂಮಿನಲ್ಲಿ ಜಾಗ ಇಲ್ಲ, ಟಬ್ಬು ಜಾರುತ್ತದೆ, ಎಣ್ಣೆಯಾದರೆ ನೆಲಹಾಸು ಹಾಳು ಅಂತ ಮೊದಲ ವಾರವೇ ಬಿಟ್ಟುಬಿಟ್ಟಿದ್ದೆವು. ಊರಿನಲ್ಲಿ ಅವಳನ್ನು ಹೆತ್ತಾಗ ನನಗೆ ಎರೆಯಲು ಬರುತ್ತಿದ್ದ ಅಜ್ಜಿ ಇದ್ದರು. ಮೊದಲು ನನಗೆ ಎಣ್ಣೆ ಹಚ್ಚಿ, ಬೆನ್ನು ತಿಕ್ಕಿ, ಹಂಡೆ ನೀರು ಹುಯ್ದು, ಸೊಂಟಕ್ಕೆ ಸೀರೆ ಬಿಗಿದು ಮಲಗಿಸಿದ ಮೇಲೆಯೇ ಮಗುವನ್ನು ಕಾಲಮೇಲೆ ಹಾಕಿಕೊಳ್ಳುತ್ತಿದ್ದರು. ಮೊದಲು ತಾಯಿ, ಆಮೇಲೆ ಮಗು. ಹಾಸನದಿಂದ ಹರಳೆಣ್ಣೆ ತಂದಿದ್ದೆ. ಆ ಸರದಿಯನ್ನು ಅಲ್ಲೇ ಬಿಟ್ಟು ಬಂದಿದ್ದೆ.

ಮಗಳನ್ನು ನೋಡಿ ಆಕೆ ಇನ್ನೊಂದು ಮಾತು ಕೇಳಿದರು. ನಿಮ್ಮ ಹೆಲ್ತ್ ವಿಸಿಟರ್ ಮನಸ್ಸಿನ ಬಗ್ಗೆ ಪ್ರಶ್ನೆ ಕೇಳಿದರಾ ಅಂತ. ಅಲ್ಲಿ ಹೆರಿಗೆಯಾದ ಮೇಲೆ ಮನೆಗೇ ನರ್ಸ್ ಬರುತ್ತಾರೆ. ಅವರು ಬಳಸುವ 10 ಪ್ರಶ್ನೆಗಳ ಒಂದು ಪಟ್ಟಿ ಇದೆ. 1987ರಲ್ಲಿ ಬಂದದ್ದು, ಎಡಿನ್‌ಬರೋ ಹೆಸರಿನದು. ಕನ್ನಡದಲ್ಲೂ ಇದೆ. ಹೆತ್ತ ಒಂದು ವರ್ಷದೊಳಗೆ ಹತ್ತರಲ್ಲಿ ಒಬ್ಬರಿಗಿಂತ ಹೆಚ್ಚು ತಾಯಂದಿರು ಖಿನ್ನತೆಗೆ ಬೀಳುತ್ತಾರೆ ಅಂತ ಅಲ್ಲಿಯ ಆರೋಗ್ಯ ಇಲಾಖೆಯೇ ಹೇಳುತ್ತದೆ. ಭುಜ ಇಳಿಸಿದ್ದರಿಂದ ಖಿನ್ನತೆ ಹೋಗುವುದಿಲ್ಲ. ಅದಕ್ಕೆ ಡಾಕ್ಟರೇ ಬೇಕು. ಆಕೆಯೂ ಹಾಗೇ ಹೇಳಿದರು.

ಈಗ ನೀವು ಕೇಳುತ್ತೀರಿ, ಅಳು ನಿಂತಿತಾ ಅಂತ.

ಮೊದಲ ಸಲ ಹೋಗಿ ಬಂದ ರಾತ್ರಿ ಚೆನ್ನಾಗಿ ಮಲಗಿದ. ಮಾರನೇ ದಿನ ಯಥಾಪ್ರಕಾರ. ಒಂದು ವಾರ ಬಿಟ್ಟು ಇನ್ನೊಂದು ಸಲ ಹೋದೆವು. ಆಮೇಲೆ ದಿನೇ ದಿನೇ ಇಳಿಯಿತು. ಎಂಟು ವಾರದ ಹೊತ್ತಿಗೆ ಒಂದೂವರೆ ಗಂಟೆಗೆ ಬಂತು. ಚಿಕಿತ್ಸೆಯಿಂದ ಇಳಿಯಿತು ಅಂತ ಹೇಳಿಬಿಡಬಹುದು. ಮಗಳು ಹಾಗೇ ಹೇಳುತ್ತಾಳೆ. ಆದರೆ ನನ್ನೊಳಗಿನ ನರ್ಸ್ ಒಪ್ಪುವುದಿಲ್ಲ. ದಿನಕ್ಕೆ 3 ಗಂಟೆಗಿಂತ ಜಾಸ್ತಿ, ವಾರಕ್ಕೆ 3 ದಿನಕ್ಕಿಂತ ಜಾಸ್ತಿ, 3 ವಾರಕ್ಕಿಂತ ಜಾಸ್ತಿ ಅತ್ತರೆ ಅದಕ್ಕೆ ಕಾಲಿಕ್ ಅನ್ನಬೇಕು ಎಂದು 1954ರಲ್ಲೇ ಡಾಕ್ಟರುಗಳು ಅಳತೆ ಹಾಕಿಟ್ಟಿದ್ದರು. ಈ ಅಳು ಹುಟ್ಟಿದ ಆರನೇ ವಾರದ ಸುಮಾರಿಗೆ ತುದಿಗೇರಿ, ಮೂರು ನಾಲ್ಕು ತಿಂಗಳೊಳಗೆ ತಾನಾಗಿ ಇಳಿಯುತ್ತದೆ. ನಾವು ಹೋಗಿದ್ದು ಸರಿಯಾಗಿ ಆರನೇ ವಾರ! ಆಗ ಯಾರ ಹತ್ತಿರ ಹೋಗಿದ್ದರೂ ಅವರಿಗೇ ಹೆಸರು ಬರುತ್ತಿತ್ತು. ನಾನು ಇನ್ನೊಂದು ಸಲ ಮೆಣಸಿನಕಾಯಿ ಸುಟ್ಟಿದ್ದರೆ ಮೆಣಸಿನಕಾಯಿಗೆ ಬರುತ್ತಿತ್ತು.

ಇದನ್ನು ಪರೀಕ್ಷೆ ಮಾಡಿ ನೋಡಿದವರೂ ಇದ್ದಾರೆ. 2012ರಲ್ಲಿ 6 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. 325 ಮಕ್ಕಳು. ಕೈಚಿಕಿತ್ಸೆ ಪಡೆದ ಮಕ್ಕಳು ಕಡಿಮೆ ಅತ್ತರು ಅಂತ ಅಪ್ಪ ಅಮ್ಮಂದಿರು ಬರೆದಿದ್ದರು. ಆದರೆ ತಮ್ಮ ಮಗುವಿಗೆ ಚಿಕಿತ್ಸೆ ಆಗಿದೆಯೋ ಇಲ್ಲವೋ ಎಂದು ಮನೆಯವರಿಗೇ ತಿಳಿಯದ ಹಾಗೆ ಮಾಡಿದ ಪ್ರಯೋಗಗಳನ್ನಷ್ಟೇ ಆರಿಸಿ ನೋಡಿದರೆ, ಆ ಲಾಭ ಗಟ್ಟಿಯಾಗಿ ನಿಲ್ಲಲಿಲ್ಲ. ಆಮೇಲೆ ಬ್ರಿಟನ್ನಿನಲ್ಲೇ ಇನ್ನೊಂದು ಪ್ರಯೋಗ ನಡೆಯಿತು. ಕೆಲವು ಮಕ್ಕಳಿಗೆ ಆಸ್ಟಿಯೋಪಾತ್‌ಗಳು ತಮ್ಮ ವಿದ್ಯೆಯ ಪ್ರಕಾರ ಚಿಕಿತ್ಸೆ ಮಾಡಿದರು. ಉಳಿದ ಮಕ್ಕಳಿಗೆ ಚಿಕಿತ್ಸೆ ಇಲ್ಲ, ಸುಮ್ಮನೆ ಹಗುರವಾಗಿ ಕೈ ಇಟ್ಟರು. ಎರಡೂ ಕಡೆಯ ತಾಯಂದಿರಿಗೆ ಸಮಾಧಾನವಾಗಿ ತಿಳಿಹೇಳಿದರು. ಎರಡೂ ಗುಂಪಿನಲ್ಲಿ ಅಳು ಇಳಿಯಿತು. ಗುಂಪಿಗೂ ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ತಲೆಬುರುಡೆಯ ಉಸಿರಾಟದ ವಿಷಯವೂ ಅಷ್ಟೇ. ಒಂದೇ ತಲೆಯನ್ನು ಇಬ್ಬರು ಹಿಡಿದು ಲೆಕ್ಕ ಹಾಕಿದರೆ ಇಬ್ಬರ ಲೆಕ್ಕವೂ ಬೇರೆ ಬೇರೆ ಬರುತ್ತದೆ. ಮಕ್ಕಳ ಕಾಲಿಕ್ ವಾಸಿ ಮಾಡುತ್ತೇವೆ ಎಂದು ಪುರಾವೆ ಇಲ್ಲದೆ ಜಾಹೀರಾತು ಹಾಕಲು ಅಲ್ಲಿ ಬಿಡುವುದಿಲ್ಲ.

ಕೈಗುಣ ಅನ್ನುತ್ತೇವಲ್ಲ ನಾವು, ಈ ಎರಡನೇ ಪ್ರಯೋಗ ಅದನ್ನೇ ತಕ್ಕಡಿಗೆ ಹಾಕಿದ ಹಾಗಿದೆ. ಮೂಳೆಯ ಸಿದ್ಧಾಂತವನ್ನು ಪಕ್ಕಕ್ಕಿಟ್ಟರೂ, ಅವಸರ ಮಾಡದ ಬೆಚ್ಚಗಿನ ಕೈ ಉಳಿಯಿತು. ಕೇಳಿಸಿಕೊಳ್ಳುವ ಕಿವಿಯೂ ಉಳಿಯಿತು. ಮೆಲ್ಲಗೆ ಸವರುವುದಕ್ಕೇ ಎಂದು ನಮ್ಮ ಚರ್ಮದಲ್ಲಿ ಒಂದು ಜಾತಿಯ ನರಗಳಿವೆ. ಸೆಕೆಂಡಿಗೆ ಸುಮಾರು 3 ಸೆಂಟಿಮೀಟರ್ ವೇಗದಲ್ಲಿ ಸವರಿದಾಗ ಅವು ಚೆನ್ನಾಗಿ ಸ್ಪಂದಿಸುತ್ತವೆ. ತಾಯಂದಿರಿಗೆ ಮಗುವನ್ನು ಸವರಿ ಅಂತ ಹೇಳಿ ಅಳೆದರೆ, ಯಾರೂ ಹೇಳಿಕೊಡದೆ ಹೆಚ್ಚುಕಡಿಮೆ ಆ ವೇಗದಲ್ಲೇ ಸವರುತ್ತಾರೆ. ಕೊಲಂಬಿಯಾದ ಬೊಗೊಟಾ ಊರಿನಲ್ಲಿ 1970ರ ದಶಕದ ಕೊನೆಯಲ್ಲಿ, ಇನ್‌ಕ್ಯುಬೇಟರ್ ಸಾಲದೆ, ತೂಕ ಕಡಿಮೆ ಇದ್ದ ಮಕ್ಕಳನ್ನು ತಾಯಿಯ ಎದೆಗೇ ಕಟ್ಟಿ ಬೆಚ್ಚಗಿಟ್ಟರು. ಅದೇ ಇವತ್ತಿನ ಕಾಂಗರೂ ಆರೈಕೆ. ನಮ್ಮ ವಾರ್ಡಿಗೂ ಬಂತು. ನಾನೇ ಎಷ್ಟೋ ತಾಯಂದಿರಿಗೆ ಮಗುವನ್ನು ಎದೆಗೆ ಹಚ್ಚಿ ಕೂರಿಸಿದ್ದೇನೆ. ಅದಕ್ಕೆ ಪುರಾವೆ ಗಟ್ಟಿ ಇದೆ, ಖರ್ಚೂ ಇಲ್ಲ. ರೆಡಿಂಗಿನಲ್ಲಿ ಅರ್ಧ ಗಂಟೆಗೆ ಕೊಟ್ಟ ದುಡ್ಡನ್ನು ನಾನು ರೂಪಾಯಿಗೆ ತಿರುಗಿಸಿ ನೋಡಲೇ ಇಲ್ಲ. ನೋಡಿದ್ದರೆ ಎದೆ ಒಡೆಯುತ್ತಿತ್ತು.

ಹಾಗಂತ ನಮ್ಮ ಎರೆಯುವ ಪದ್ಧತಿಯೆಲ್ಲ ಸರಿ ಅಂತಲೂ ಅಲ್ಲ. ಆ ಹೆಂಗಸಿನ ಕೈ ನೋಡಿದ ಮೇಲೆ ನಮ್ಮ ಕೈ ಎಷ್ಟು ಒರಟು ಅನ್ನಿಸಿತು. ಮೂಗು ನೆಟ್ಟಗಾಗಲಿ ಅಂತ ಎಳೆಯುವುದು, ಎಳೆ ಮಗುವಿನ ಎದೆ ಹಿಂಡಿ ಹಾಲು ತೆಗೆಯುವುದು, ಕಿವಿಗೆ ಮೂಗಿಗೆ ಎಣ್ಣೆ ಬಿಡುವುದು, ಕಾಲು ಹಿಡಿದು ತಲೆಕೆಳಗೆ ಮಾಡಿ ಆಡಿಸುವುದು. ಎದೆ ಹಿಂಡಿ ಕೀವು ತುಂಬಿ ಬಂದ ಮಕ್ಕಳನ್ನು ನಾನು ಕಣ್ಣಾರೆ ನೋಡಿದ್ದೇನೆ. ದಯವಿಟ್ಟು ಇವನ್ನು ಬಿಡಿ. ಸಾಂಬ್ರಾಣಿ ಹೊಗೆಯೂ ಬೇಡ, ಎಳೆಯ ಶ್ವಾಸಕೋಶ ಅದು. ಎಣ್ಣೆ ಹಚ್ಚಿ, ಮೆಲ್ಲಗೆ ಸವರಿ, ಮಗುವಿನ ಮುಖ ನೋಡುತ್ತಾ ಸವರಿ. ನೆತ್ತಿಯನ್ನು ಒತ್ತಬೇಡಿ. ಮಗು ಬೇಡ ಅಂದರೆ ಬಿಟ್ಟುಬಿಡಿ. ಬೇಡ ಅನ್ನುವುದು ಅದಕ್ಕೂ ಬರುತ್ತದೆ, ಮುಖ ತಿರುಗಿಸುತ್ತದೆ, ಬೆರಳು ಅಗಲಿಸುತ್ತದೆ.

ಇನ್ನೊಂದು ಮಾತನ್ನು ನರ್ಸ್ ಆಗಿ ಹೇಳಲೇಬೇಕು. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ, ಅಂದರೆ ನಮ್ಮ ಲೆಕ್ಕದಲ್ಲಿ 100.4 ಜ್ವರ ಬಂದರೆ ಯಾರ ಕೈಗುಣಕ್ಕೂ ಕಾಯಬೇಡಿ, ಆಸ್ಪತ್ರೆಗೆ ಓಡಿ. ಹಸಿರು ವಾಂತಿ, ಮಲದಲ್ಲಿ ರಕ್ತ, ನೆತ್ತಿ ಉಬ್ಬಿಕೊಳ್ಳುವುದು, ಹಾಲು ಬಿಡುವುದು, ಅಳುವಿನ ದನಿಯೇ ಬದಲಾಗಿ ಕೀರಲಾಗುವುದು, ಎಬ್ಬಿಸಿದರೂ ಏಳದೆ ಸುಸ್ತಾಗುವುದು. ಇವು ಕಾಲಿಕ್ ಅಲ್ಲ. ಮಗುವಿಗೆ ದೃಷ್ಟಿ ಆಗಿದೆ, ಏನೋ ಬಿದ್ದಿದೆ ಅಂತ ತೆಗೆಸಲು ಹೋಗಿ ಎರಡು ದಿನ ಕಳೆದು ಬಂದವರನ್ನು ವಾರ್ಡಿನಲ್ಲಿ ನೋಡಿದ್ದೇನೆ. ನಾನು ಮೆಣಸಿನಕಾಯಿ ಸುಡುವ ಮೊದಲು ಥರ್ಮಾಮೀಟರ್ ಇಟ್ಟು ನೋಡಿದ್ದೆ ಅನ್ನುವುದನ್ನೂ ಹೇಳಿಬಿಡುತ್ತೇನೆ.

ಅಂದಹಾಗೆ, ಅವತ್ತಿನಿಂದ ಮನೆಯಲ್ಲಿ ಸರದಿ ಬದಲಾಯಿತು. ಬಾತ್‌ರೂಮಿನ ಹೊರಗೆ ಹಳೇ ಕಾಟನ್ ಸೀರೆ ಹಾಸಿ, ಅದರ ಮೇಲೆ ಒಂದು ಸ್ಟೂಲು ಹಾಕಿದೆ. ಮಗುವನ್ನು ಅಳಿಯನ ಕೈಗೆ ಕೊಟ್ಟು, ಮೊದಲು ಮಗಳಿಗೆ ಎಣ್ಣೆ. ಬೆನ್ನು, ಭುಜ, ಹೆಬ್ಬೆರಳಿನ ಬುಡ. ನೆಲಹಾಸಿಗೆ ಎಣ್ಣೆ ಆಗಿಯೇ ಆಯಿತು. ಆಗಲಿ ಬಿಡಿ.

ಮೂರನೇ ಸಲಕ್ಕೆ ಹೋಗಲು ಟೈಮ್ ತೆಗೆದುಕೊಂಡಿದ್ದೆವು. ಹಿಂದಿನ ದಿನ ಆ ಹೆಂಗಸೇ ಫೋನ್ ಮಾಡಿದರು. ಮಗು ಹೇಗಿದೆ ಅಂತ ಕೇಳಿ, "ಹಾಗಾದರೆ ಬರುವುದು ಬೇಡ, ದುಡ್ಡು ಉಳಿಸಿಕೊಳ್ಳಿ" ಅಂದರು. ಈ ಒಂದು ಮಾತಿಗೆ ನಾನು ಆಕೆಯನ್ನು ಪೂರ್ತಿ ನಂಬಿದೆ. ಪಕ್ಕದಲ್ಲಿದ್ದ ಅಳಿಯ ಫೋನ್ ಇಸಿದುಕೊಂಡು, ಆ ಟೈಮಿಗೆ ನಾನೇ ಬರಬಹುದಾ ಅಂತ ಕೇಳಿದರು. ಮಗುವಿನ ಕಾರ್ ಸೀಟು ಒಂದೇ ಕೈಯಲ್ಲಿ ಎತ್ತಿ ಎತ್ತಿ ಅವರ ಸೊಂಟ ಹಿಡಿದುಕೊಂಡಿತ್ತು. ಹೋಗಿ ಬಂದರು. ಬಂದವರು ಹಾಲ್‌ನಲ್ಲಿ ನೆಲದ ಮೇಲೆ ಉದ್ದಕ್ಕೆ ಮಲಗಿ, ಮೊಮ್ಮಗನನ್ನು ಹೊಟ್ಟೆಯ ಮೇಲೆ ಬೋರಲು ಹಾಕಿಕೊಂಡು, ಮೇಲೆ ನೋಡುತ್ತಾ ಕೇಳಿದರು: "ಅತ್ತೆ, ಆ ಹರಳೆಣ್ಣೆ ಇನ್ನೂ ಸ್ವಲ್ಪ ಉಳಿದಿದೆಯಾ?"